ಹಾಡು ಕೇಳಿದ ಕಿವಿಗೆ ಅಳು ಕೇಳಲಿಲ್ಲ

'ಐ ಬಿಲೀವ್ ಐ ಕ್ಯಾನ್ ಫ್ಲೈ' ಎಂಬ ಇಂಗ್ಲಿಷ್ ಗೀತೆಯನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. 1996ರಲ್ಲಿ ತೆರೆಕಂಡ 'ಸ್ಪೇಸ್ ಜ್ಯಾಮ್' ಎಂಬ ಮಕ್ಕಳ ಚಲನಚಿತ್ರಕ್ಕಾಗಿ ಅಮೆರಿಕದ ಷಿಕಾಗೊ ನಗರದ ಗಾಯಕ ಆರ್. ಕೆಲ್ಲಿ ರಚಿಸಿ ಹಾಡಿದ ಗೀತೆಯದು. 1998ರಲ್ಲಿ ಅದಕ್ಕೆ ಮೂರು ಗ್ರ್ಯಾಮಿ ಪ್ರಶಸ್ತಿಗಳು ಸಂದವು. ಅಮೆರಿಕದ ಶಾಲೆಗಳ ಬೀಳ್ಕೊಡುಗೆ ಸಮಾರಂಭಗಳಲ್ಲಿ, ಅಲ್ಲಿನ ಕರಿಯ ಕ್ರೈಸ್ತರ ದೇವಾಲಯಗಳಲ್ಲಿ ಅದು ವರ್ಷಗಟ್ಟಲೆ ಮೊಳಗಿತು. ಕೇಳಿದವರಿಗೆ ಅದು ಸಿನಿಮಾ ಗೀತೆಯೆನ್ನುವುದಕ್ಕಿಂತ ಪ್ರಾರ್ಥನೆಯಂತೆಯೇ ತೋರುತ್ತಿತ್ತು. ನನಗೂ ಹಾಗೆಯೇ ತೋರಿತ್ತೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಆ ಗೀತೆಯ ಧ್ವನಿಮುದ್ರಿಕೆ ಮಾರುಕಟ್ಟೆಗೆ ಬಂದದ್ದು 1996ರ ನವೆಂಬರ್‌ನಲ್ಲಿ. ಮರುತಿಂಗಳೇ, ಡಿಸೆಂಬರ್‌ನಲ್ಲಿ, ಷಿಕಾಗೊ ನಗರದ ನ್ಯಾಯಾಲಯದಲ್ಲಿ ಕೆಲ್ಲಿಯ ವಿರುದ್ಧ ಒಂದು ಸಿವಿಲ್ ದಾವೆ ದಾಖಲಾಯಿತು. ದಾವೆ ಹೂಡಿದ ಯುವತಿ, ಕೆಲ್ಲಿಯೇ ಹಿಂದೆ ಓದಿದ್ದ ಶಾಲೆಯ ಗಾಯನ ತರಗತಿಯಲ್ಲಿದ್ದವಳು. ತನಗೆ ಹದಿನೈದು ವರ್ಷವಾಗಿದ್ದಾಗಲೇ ಆತ ತನ್ನನ್ನು ಲೈಂಗಿಕವಾಗಿ ಬಳಸಿಕೊಂಡನೆಂಬುದು ಆಕೆಯ ದೂರು. ಕೇಳಿದ ಪರಿಹಾರ 1 ಕೋಟಿ ಡಾಲರ್. 1998ರಲ್ಲಿ ರಾಜಿಯಾಗಿ ದೊರೆತದ್ದು 2,50,000 ಡಾಲರ್. ಗ್ರ್ಯಾಮಿ ಬಂದ ವರ್ಷವೂ ಅದೇ. ಪ್ರಶಸ್ತಿಯ ಸುದ್ದಿಯನ್ನು ಲೋಕವೆಲ್ಲ ಓದಿತು. ದಾವೆಯ ಸುದ್ದಿಯನ್ನು ಓದಿದವರು ಎಷ್ಟು ಮಂದಿ?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು 'ಸರ್ವೈವಿಂಗ್ ಆರ್. ಕೆಲ್ಲಿ' ಎಂಬ ಸಾಕ್ಷ್ಯಚಿತ್ರ. 2019ರ ಜನವರಿಯ ಮೊದಲ ವಾರದಲ್ಲಿ ಅಮೆರಿಕದ ಲೈಫ್‌ಟೈಮ್ ವಾಹಿನಿಯು ಮೂರು ರಾತ್ರಿಗಳಲ್ಲಿ ಇದನ್ನು ಆರು ಕಂತುಗಳಾಗಿ ಪ್ರಸಾರ ಮಾಡಿತು. ಇದರ ನಿರ್ಮಾಣದ ಹೊಣೆ ಹೊತ್ತವರಲ್ಲಿ ಪ್ರಮುಖರು ಡ್ರೀಮ್ ಹ್ಯಾಂಪ್ಟನ್ ಎಂಬ ಲೇಖಕಿ. ಪ್ರಸಾರಕ್ಕೆ ಮುನ್ನ, 2018ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಏರ್ಪಟ್ಟಿದ್ದ ವಿಶೇಷ ಪ್ರದರ್ಶನವನ್ನು ಬಂದೂಕಿನ ಬೆದರಿಕೆಯ ಕರೆಯಿಂದಾಗಿ ಅರ್ಧಕ್ಕೇ ನಿಲ್ಲಿಸಿ ಸಭಾಂಗಣವನ್ನು ತೆರವುಗೊಳಿಸಬೇಕಾಯಿತು. ಮಕ್ಕಳೊಡನೆ ಕುಳಿತು ನೋಡುವ ಚಿತ್ರ ಇದಲ್ಲ. ಆದರೆ ಮಕ್ಕಳನ್ನು ಹೆತ್ತವರು, ಅದರಲ್ಲೂ ಮಗುವಿನ ಕಂಠ ಚೆನ್ನಾಗಿದೆಯೆಂದು ಹಿಗ್ಗಿ ಯಾರಾದರೂ ದೊಡ್ಡವರು ಕೈಹಿಡಿದು ಮೇಲೆತ್ತಲಿ ಎಂದು ಹಾರೈಸುವವರು, ನೋಡಲೇಬೇಕಾದದ್ದು.

ಚಿತ್ರದ ದೊಡ್ಡ ಗುಣವೆಂದರೆ ಅದರ ತಾಳ್ಮೆ. ಕೆಲ್ಲಿಯ ಸುಳಿಗೆ ಸಿಲುಕಿ ಹೊರಬಂದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು ಕ್ಯಾಮೆರಾದ ಮುಂದೆ ಕುಳಿತು ಮಾತನಾಡುತ್ತಾರೆ. ಒಬ್ಬಳು ಹೇಳುವುದನ್ನು ಇನ್ನೊಬ್ಬಳು ಕೇಳಿಲ್ಲ. ಆದರೂ ಮೊದಲ ಹೊಗಳಿಕೆ, ಧ್ವನಿಮುದ್ರಣದ ಆಮಿಷ, ಮನೆಯವರಿಂದ ದೂರಮಾಡುವ ಉಪಾಯ, ಊಟಕ್ಕೂ ಅಪ್ಪಣೆ ಕೇಳಬೇಕಾದ ಬಂಧನ, ಎಲ್ಲವೂ ಒಂದೇ ಅಚ್ಚಿನಿಂದ ಹೊರಬಂದಂತೆ ಒಬ್ಬರ ನಂತರ ಒಬ್ಬರ ಬಾಯಿಂದ ಬರುತ್ತವೆ. ಒಂದೊಂದನ್ನೇ ಬಿಡಿಯಾಗಿ ಕೇಳಿದ್ದರೆ ನಾವು ಅನುಮಾನಪಡುತ್ತಿದ್ದೆವೇನೋ. 1994ರಲ್ಲಿ ಇಪ್ಪತ್ತೇಳರ ಕೆಲ್ಲಿಯು ಹದಿನೈದರ ಹರೆಯದ ಗಾಯಕಿ ಆಲಿಯಾಳನ್ನು ವಿವಾಹವಾದ ಪ್ರಸಂಗವೂ ಇಲ್ಲಿದೆ. ವಿವಾಹ ಪತ್ರದಲ್ಲಿ ವಧುವಿನ ವಯಸ್ಸು ಹದಿನೆಂಟು ಎಂದು ಬರೆಯಲಾಗಿತ್ತು. ಆ ವಿವಾಹವನ್ನು ಮರುವರ್ಷವೇ ಅಸಿಂಧುಗೊಳಿಸಲಾಯಿತು. ಆ ವರ್ಷ ಆಕೆಗಾಗಿ ಆತ ಸಿದ್ಧಪಡಿಸಿದ ಗೀತಸಂಪುಟದ ಹೆಸರೇ ವಯಸ್ಸೆಂಬುದು ಬರೀ ಒಂದು ಸಂಖ್ಯೆಯೆಂದು ಸಾರುತ್ತಿತ್ತು. ಅಂಗಡಿಯ ಕಪಾಟಿನಲ್ಲಿ ಎಲ್ಲರ ಕಣ್ಣೆದುರೇ ಇದ್ದ ಹೆಸರು!

ಇಡೀ ಚಿತ್ರದಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಸಂತ್ರಸ್ತೆಯರ ಮಾತಲ್ಲ, ಒಬ್ಬ ಸಜ್ಜನನ ಮಾತು. ಹಿನ್ನೆಲೆ ಹೀಗಿದೆ. 2002ರಲ್ಲಿ, ಹದಿಹರೆಯದ ಬಾಲಕಿಯೊಡನೆ ಕೆಲ್ಲಿ ಇರುವುದೆನ್ನಲಾದ ದೃಶ್ಯಮುದ್ರಿಕೆಯೊಂದು ಹೊರಬಿದ್ದು ಆತನ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. ವಿಚಾರಣೆ ಆರಂಭವಾಗಲು ಆರು ವರ್ಷ ಹಿಡಿಯಿತು. ಮುದ್ರಿಕೆಯಲ್ಲಿರುವವಳು ಎನ್ನಲಾದ ಹುಡುಗಿ ಸಾಕ್ಷಿ ನುಡಿಯಲಿಲ್ಲ. 2008ರ ಜೂನ್‌ನಲ್ಲಿ ಕೆಲ್ಲಿ ಎಲ್ಲ ಆರೋಪಗಳಿಂದ ಖುಲಾಸೆಯಾದ. ಅಂದಿನ ತೀರ್ಪುಗಾರ ಮಂಡಳಿಯ ಸದಸ್ಯರೊಬ್ಬರು ಈ ಚಿತ್ರದಲ್ಲಿ ಕಾಣಿಸಿಕೊಂಡು, ಸಾಕ್ಷಿ ಹೇಳಲು ಬಂದ ಹೆಣ್ಣುಮಕ್ಕಳನ್ನು ತಾವು ನಂಬಲಿಲ್ಲವೆಂದೂ, ಅವರು ಉಟ್ಟ ಬಗೆ, ನಡೆದುಕೊಂಡ ರೀತಿ ತಮಗೆ ಹಿಡಿಸಲಿಲ್ಲವೆಂದೂ ಹೇಳುತ್ತಾರೆ. ಅವರ ದನಿಯಲ್ಲಿ ದ್ವೇಷವಿಲ್ಲ, ಅಳುಕೂ ಇಲ್ಲ. ನೆರೆಮನೆಯ ಹಿರಿಯರು ಸಂಜೆಯ ಜಗಲಿಯಲ್ಲಿ ಕುಳಿತು ಮಾತನಾಡಿದಂತೆ ಅಷ್ಟು ಸಹಜ. ಇದೇ ಮಾತನ್ನು ಇದೇ ಧಾಟಿಯಲ್ಲಿ ನಾವು ಎಲ್ಲೆಲ್ಲಿ ಕೇಳಿಲ್ಲ, ಹೇಳಿ? ಬಲಿಪೂಜೆ ಮುಗಿಸಿ ಹೊರಬಂದ ಅಂಗಳದಲ್ಲಿಯೂ ಕೇಳಿದ್ದೇವೆ. ನಿರ್ದೇಶಕರು ಆ ಮಾತಿಗೆ ಯಾವ ವಿವರಣೆಯನ್ನೂ ಅಂಟಿಸದೆ ಹಾಗೆಯೇ ಬಿಟ್ಟಿರುವುದು ಅವರ ವಿವೇಕ.

ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಆರು ಕಂತುಗಳಿಗೆ ಎಳೆದಿರುವುದರಿಂದ ಕಂಡದ್ದನ್ನೇ ಮತ್ತೆ ಕಾಣುತ್ತೇವೆ. ಜಾಹೀರಾತಿನ ವಿರಾಮಕ್ಕೆ ಮುನ್ನ ಕುತೂಹಲ ಕೆರಳಿಸುವ ಟಿವಿಯ ಹಳೆಯ ಚಟ ಇಲ್ಲಿಯೂ ಇದೆ. ತಾಯಿಯೊಬ್ಬರು ತಮ್ಮ ಮಗಳನ್ನು ಹುಡುಕಿಕೊಂಡು ಹೋಟೆಲೊಂದಕ್ಕೆ ಹೋಗುವ ಸನ್ನಿವೇಶದಲ್ಲಿ ಕ್ಯಾಮೆರಾ ಬೆನ್ನುಬಿಡದೆ ಹಿಂಬಾಲಿಸುತ್ತದೆ. ಮಗಳು ಸಿಕ್ಕಳೆಂಬ ಸಮಾಧಾನದ ಜೊತೆಗೇ, ಆ ಕ್ಷಣ ನಮ್ಮ ನೋಟಕ್ಕೆ ಸಲ್ಲುವುದೇ ಎಂಬ ಮುಜುಗರವೂ ನನ್ನನ್ನು ಕಾಡಿತು. ಬಾಲ್ಯದಲ್ಲಿ ಕೆಲ್ಲಿ ತಾನೇ ಲೈಂಗಿಕ ಶೋಷಣೆಗೆ ಒಳಗಾಗಿದ್ದನೆಂಬ ಸಂಗತಿಯನ್ನು ಚಿತ್ರ ಮುಚ್ಚಿಡುವುದಿಲ್ಲ. ಆದರೆ ಅದನ್ನು ಆತನ ಅಪರಾಧಕ್ಕೆ ಕ್ಷಮಾಪತ್ರವಾಗಿಯೂ ಬಳಸುವುದಿಲ್ಲ. ಈ ತೂಕ ಸರಿಯಾಗಿದೆ.

ಈ ಕಥೆಯಲ್ಲಿ ಜಿಮ್ ಡಿರೊಗಾಟಿಸ್ ಎಂಬ ಸಂಗೀತ ವಿಮರ್ಶಕರ ಪಾತ್ರವನ್ನು ಮರೆಯುವಂತಿಲ್ಲ. 2000ದ ಕೊನೆಯಲ್ಲಿ ಅವರು 'ಷಿಕಾಗೊ ಸನ್-ಟೈಮ್ಸ್' ಪತ್ರಿಕೆಯಲ್ಲಿ ಕೆಲ್ಲಿಯ ಹೊಸ ಗೀತಸಂಪುಟವನ್ನು ವಿಮರ್ಶಿಸಿದರು. ಒಂದೇ ಸಂಪುಟದಲ್ಲಿ ದೇಹದ ಹಾಡೂ ದೇವರ ಹಾಡೂ ಇರುವುದು ಆ ಸಂಗೀತ ಪರಂಪರೆಗೆ ಹೊಸದೇನಲ್ಲವೆಂಬುದು ಅವರ ಧೋರಣೆಯಾಗಿತ್ತು. ಅದನ್ನೋದಿದ ಯಾರೋ ಅನಾಮಿಕರು ಫ್ಯಾಕ್ಸ್ ಮೂಲಕ ಒಂದು ಪತ್ರ ಕಳುಹಿಸಿದರು: ಈತನ ಸಮಸ್ಯೆ ಎಳೆಯ ಹುಡುಗಿಯರದು, ವಿಚಾರಿಸಿ ನೋಡಿ ಎಂಬುದು ಅದರ ಸಾರ. ವಿಮರ್ಶಕರು ಅದನ್ನು ಮೊದಲು ಬದಿಗಿಟ್ಟರು, ಬಳಿಕ ಮನಸ್ಸು ತಡೆಯದೆ ಸಹೋದ್ಯೋಗಿಯೊಡನೆ ನ್ಯಾಯಾಲಯದ ಕಡತಗಳನ್ನು ಹುಡುಕಿದರು. 1996ರ ದಾವೆ ಅಲ್ಲಿಯೇ ಇತ್ತು. ಯಾರು ಬೇಕಾದರೂ ತೆರೆದು ನೋಡಬಹುದಾದ ಕಡತ ಅದು. ಅದೇ ಡಿಸೆಂಬರ್‌ನಲ್ಲಿ ವರದಿ ಪ್ರಕಟವಾಯಿತು. ಆದರೂ ಹಾಡುಗಳ ಮಾರಾಟ ಕುಗ್ಗಲಿಲ್ಲ. 2004ರಲ್ಲಿ, ಮೊಕದ್ದಮೆ ಇನ್ನೂ ವಿಚಾರಣೆಗೆ ಬಾರದೆ ಕಾದಿರುವಾಗಲೇ, ಕೆಲ್ಲಿ ಎರಡು ಭಾಗಗಳ ಸಂಪುಟವೊಂದನ್ನು ಹೊರತಂದ. ಅದರ ಎರಡನೆಯ ಭಾಗ ಪೂರ್ತಿ ಭಕ್ತಿಗೀತೆಗಳದು. ದೇವರು ತನ್ನನ್ನು ಉದ್ಧರಿಸಿದನೆಂಬುದೇ ಅದರ ಶೀರ್ಷಿಕೆ. ಆ ಹಾಡುಗಳಿಗೂ ಭಕ್ತಾದಿಗಳಾದ ಕೇಳುಗರು ದೊರೆತರು.

ಹಣದ ರಾಜಿಯ ಬಗೆಗೂ ಸ್ವಲ್ಪ ತಿಳಿದುಕೊಳ್ಳಬೇಕು. ಸಿವಿಲ್ ದಾವೆಯಲ್ಲಿ ಸೆರೆಮನೆಯಿಲ್ಲ, ಪರಿಹಾರವಷ್ಟೇ. ರಾಜಿಯಾದರೆ ಪ್ರತಿವಾದಿ ತಪ್ಪೊಪ್ಪಿಕೊಳ್ಳಬೇಕಾಗಿಲ್ಲ. ಬಹುಪಾಲು ಒಪ್ಪಂದಗಳಲ್ಲಿ ದೂರುದಾರಳು ಮುಂದೆ ಬಾಯಿಬಿಡಕೂಡದೆಂಬ ಷರತ್ತೂ ಇರುತ್ತದೆ. ಬಡ ಮನೆಯ ಹುಡುಗಿ ಅದಕ್ಕೆ ಸಹಿ ಹಾಕಿದರೆ ಅವಳನ್ನು ಹಣದಾಸೆಯವಳೆಂದು ಜರೆಯುವುದು ಸುಲಭ. ಆಕೆಯೆದುರು ಬೇರೆ ಯಾವ ಬಾಗಿಲು ತೆರೆದಿತ್ತು? (ನಮ್ಮ ದೇಶದಲ್ಲಿ 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ಮಗುವಿನ ಮೇಲೆ ಇಂತಹ ಅಪರಾಧ ನಡೆದಿರುವುದನ್ನು ಅರಿತವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದೇ ಅಪರಾಧ. ಈ ಮಾತನ್ನು ಮನೆಮನೆಯಲ್ಲಿ ತಿಳಿದಿರುವುದು ಒಳಿತು.)

ಗಾಯಕನತ್ತ ಬೆರಳು ತೋರಿ ನಾವು ಸುಮ್ಮನಾಗುವಂತಿಲ್ಲ. ಕೆಲ್ಲಿಯ ಮೇಲೆ ಮೊಕದ್ದಮೆ ದಾಖಲಾದ ಆ 2002ರಲ್ಲಿಯೇ, ಅಮೆರಿಕದ ಬಾಸ್ಟನ್ ಮಹಾಧರ್ಮಪ್ರಾಂತ್ಯದಲ್ಲಿ ಗುರುಗಳು ಮಕ್ಕಳ ಮೇಲೆಸಗಿದ ದೌರ್ಜನ್ಯವನ್ನು ಇಂತಹವೇ ಗುಟ್ಟಿನ ಒಪ್ಪಂದಗಳಿಂದ ಮುಚ್ಚಿಟ್ಟ ಸಂಗತಿಯನ್ನು 'ಬಾಸ್ಟನ್ ಗ್ಲೋಬ್' ಪತ್ರಿಕೆ ಬಯಲಿಗೆಳೆಯಿತು. ಆ ವರ್ಷದ ಜೂನ್‌ನಲ್ಲಿ ಡಲ್ಲಾಸ್‌ನಲ್ಲಿ ಸಭೆ ಸೇರಿದ ಅಮೆರಿಕದ ಧರ್ಮಾಧ್ಯಕ್ಷರು, ಸಂತ್ರಸ್ತರೇ ಕೋರಿದ ಹೊರತು ಇನ್ನು ಮುಂದೆ ಅಂತಹ ಗೋಪ್ಯತೆಯ ಒಪ್ಪಂದ ಮಾಡಿಕೊಳ್ಳಬಾರದೆಂದು ನಿರ್ಣಯಿಸಿದರು. ಡಿಸೆಂಬರ್‌ನಲ್ಲಿ ಕಾರ್ಡಿನಲ್ ಬರ್ನಾರ್ಡ್ ಲಾ ಪದತ್ಯಾಗ ಮಾಡಿದರು. ಎರಡೂ ಕಡೆ ಮುಚ್ಚಿಡಲು ನೆರವಾದದ್ದು ಒಂದೇ: ಇಷ್ಟು ಒಳ್ಳೆಯ ಸ್ವರವುಳ್ಳವರು, ಇಷ್ಟು ಪವಿತ್ರ ಸ್ಥಾನದಲ್ಲಿರುವವರು ಹಾಗೆ ಮಾಡಿಯಾರೇ ಎಂಬ ನಮ್ಮಂಥವರ ನಂಬಿಕೆ. ಪವಿತ್ರ ಗ್ರಂಥದ ಸಮುವೇಲನ ಎರಡನೆಯ ಪುಸ್ತಕದಲ್ಲಿ ತಾಮಾರಳ ವೃತ್ತಾಂತವಿದೆ. ಮಲಸಹೋದರ ಅಮ್ನೋನನಿಂದ ಕೆಟ್ಟ ಆಕೆಗೆ ಅಣ್ಣ ಅಬ್ಷಾಲೋಮನು ಸುಮ್ಮನಿರಲು ಹೇಳುತ್ತಾನೆ. ಕೀರ್ತನೆಗಳ ಕವಿಯೆಂದು ನಾವು ಕೊಂಡಾಡುವ ತಂದೆ ದಾವೀದನಿಗೆ ಸುದ್ದಿ ಕೇಳಿ ಬಹಳ ಕೋಪ ಬಂತಂತೆ. ಆತ ಮಗನನ್ನು ಶಿಕ್ಷಿಸಿದನೆಂದು ಮಾತ್ರ ಅಲ್ಲಿ ಬರೆದಿಲ್ಲ.

ಕಾಲ ಸ್ವಲ್ಪ ಬದಲಾಗಿದೆಯೆನ್ನಬಹುದು. ಹಳೆಯ ಲೈಂಗಿಕ ದೌರ್ಜನ್ಯಗಳ ಬಗ್ಗೆ ಕಾಲಮಿತಿ ಮೀರಿದ್ದರೂ ಒಂದು ವರ್ಷದ ಮಟ್ಟಿಗೆ ಸಿವಿಲ್ ದಾವೆ ಹೂಡಲು ನ್ಯೂಯಾರ್ಕ್ ರಾಜ್ಯ 2022ರಲ್ಲಿ ಕಾಯ್ದೆಯೊಂದನ್ನು ತಂದಿತು. ಅದರಡಿ 2023ರ ನವೆಂಬರ್‌ನಲ್ಲಿ ಗಾಯಕಿ ಕ್ಯಾಸಿ, ಸಂಗೀತೋದ್ಯಮದ ದೊರೆಯೆನಿಸಿದ್ದ ಷಾನ್ ಕೋಂಬ್ಸ್ ಮೇಲೆ ದಾವೆ ಹೂಡಿದರು. ಒಂದೇ ದಿನದಲ್ಲಿ ಅದು ರಾಜಿಯಾಯಿತು. 2 ಕೋಟಿ ಡಾಲರ್ ದೊರೆಯಿತೆಂದು ಆಕೆ ಮುಂದೆ ನ್ಯಾಯಾಲಯದಲ್ಲಿ ಹೇಳಿದರು. ಆದರೆ ಅಷ್ಟರಲ್ಲಿ ದೂರಿನ ಪ್ರತಿ ಜನರ ಕೈಸೇರಿತ್ತು. 2025ರ ಜುಲೈನಲ್ಲಿ ತೀರ್ಪುಗಾರರು ಕೋಂಬ್ಸ್‌ನನ್ನು ಅತಿ ಗಂಭೀರ ಆರೋಪಗಳಿಂದ ಬಿಡುಗಡೆ ಮಾಡಿ, ವೇಶ್ಯಾವೃತ್ತಿಗಾಗಿ ಜನರನ್ನು ಸಾಗಿಸಿದ ಎರಡು ಆರೋಪಗಳಲ್ಲಿ ದೋಷಿಯೆಂದರು. ಅಕ್ಟೋಬರ್‌ನಲ್ಲಿ 50 ತಿಂಗಳ ಸೆರೆವಾಸ ವಿಧಿಸಲಾಯಿತು.

ಕೆಲ್ಲಿಯ ವಿಷಯದಲ್ಲಿ ಸಾಕ್ಷ್ಯಚಿತ್ರದ ನಂತರ ಘಟನೆಗಳು ವೇಗವಾಗಿ ನಡೆದವು. ಧ್ವನಿಮುದ್ರಣ ಸಂಸ್ಥೆ ಅದೇ ತಿಂಗಳು ಆತನನ್ನು ಕೈಬಿಟ್ಟಿತು. 2021ರ ಸೆಪ್ಟೆಂಬರ್‌ನಲ್ಲಿ ಬ್ರೂಕ್ಲಿನ್ ನ್ಯಾಯಾಲಯದಲ್ಲಿ ಒಂಬತ್ತೂ ಆರೋಪಗಳು ಸಾಬೀತಾಗಿ, ಮರುವರ್ಷ 30 ವರ್ಷಗಳ ಶಿಕ್ಷೆಯಾಯಿತು. 2022ರ ಆಗಸ್ಟ್‌ನಲ್ಲಿ ಷಿಕಾಗೊದಲ್ಲಿ ಎರಡನೆಯ ವಿಚಾರಣೆ ಆರಂಭವಾಯಿತು. 2008ರಲ್ಲಿ ಸಾಕ್ಷಿ ಹೇಳಲು ಬಾರದಿದ್ದ ಆ ಹುಡುಗಿ, ಸಾಕ್ಷ್ಯಚಿತ್ರದಲ್ಲಿಯೂ ಮಾತನಾಡದಿದ್ದವಳು, ಈ ಬಾರಿ ಜೇನ್ ಎಂಬ ಗುಪ್ತನಾಮದಲ್ಲಿ ಕಟಕಟೆಯೇರಿದಳು. ಆಗ ಆಕೆಗೆ ಮೂವತ್ತೇಳು ವರ್ಷ. ಮುದ್ರಿಕೆಯಲ್ಲಿರುವವಳು ತಾನೇ ಎಂದೂ, ಆಗ ತನಗೆ ಹದಿನಾಲ್ಕು ವರ್ಷವೆಂದೂ ಹೇಳಿದಳು. ಆ ವಿಚಾರಣೆಯಲ್ಲಿ ಹದಿಮೂರು ಆರೋಪಗಳಲ್ಲಿ ಆರು ಸಾಬೀತಾದವು; 2008ರ ಮೊಕದ್ದಮೆಯನ್ನು ಕೆಡಿಸಲು ಸಂಚು ನಡೆಯಿತೆಂಬ ಆರೋಪ ಸಾಬೀತಾಗಲಿಲ್ಲ. ಉಡುಗೆ ಹಿಡಿಸಲಿಲ್ಲವೆಂದ ಆ ಹಿರಿಯರು ಜೇನ್ ಮಾತನಾಡಿದ ಸುದ್ದಿಯನ್ನು ಓದಿದರೋ, ಓದಿ ಏನೆಂದುಕೊಂಡರೋ ಎಂದು ನಾನು ಆಗಾಗ ಯೋಚಿಸುವುದುಂಟು.