ಅರ್ಥಕ್ಕೆ ಆಧಾರವೇನು? ಬಳಕೆ ತಪ್ಪಿದ ಇಂಗ್ಲಿಷ್ ಪದಗಳ ಸಂಗ್ರಹಗಳನ್ನು ಕುರಿತು

ಬಳಕೆ ತಪ್ಪಿದ ಇಂಗ್ಲಿಷ್ ಪದಗಳ ಸಂಗ್ರಹಗಳು ಸಾಮಾನ್ಯವಾಗಿ ಒಂದೇ ಮಾದರಿಯಲ್ಲಿರುತ್ತವೆ: ಒಂದು ಅಪರೂಪದ ಪದ, ಅದರ ಎದುರಿಗೆ ಒಂದು ಸಾಲಿನ ಅರ್ಥ. ಓದುಗರ ಕುತೂಹಲವನ್ನು ತಣಿಸಲು ಇಷ್ಟು ಸಾಕು. ಆದರೆ ಇಂತಹ ಪಟ್ಟಿಗಳೇ ಅರ್ಥಪಲ್ಲಟದ ಅಧ್ಯಯನಕ್ಕೆ ಸಾಮಗ್ರಿಯಾದಾಗ ತೊಡಕು ಆರಂಭವಾಗುತ್ತದೆ. ಸಂಶೋಧನೆಯ ಮೊದಲ ವರ್ಷಗಳಲ್ಲಿ ನಾನೂ ಇದೇ ತಪ್ಪನ್ನು ಮಾಡಿದ್ದೆನಾದ್ದರಿಂದ ಈ ವಿಮರ್ಶೆಯ ಒಂದು ಪಾಲು ನನಗೂ ಸಲ್ಲುತ್ತದೆ. ಈ ಸಂಗ್ರಹಗಳು ಮೂರು ಭಿನ್ನ ಬಗೆಯ ಪದಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತವೆ ಎಂಬುದು ಪ್ರಸ್ತುತ ಲೇಖನದ ವಾದ.

ಮೊದಲನೆಯದು, ರೂಪ ಉಳಿದು ಅರ್ಥ ಸರಿದ ಪದಗಳು. ‘ಸಿಲ್ಲಿ’ ಎಂಬುದಕ್ಕೆ ಹಿಂದೆ ‘ಧನ್ಯ’ ಎಂಬ ಅರ್ಥವಿತ್ತು, ಈಗ ‘ಪೆದ್ದ’ ಎಂಬ ಅರ್ಥವಿದೆ ಎಂದು ಪಟ್ಟಿಗಳು ಹೇಳುತ್ತವೆ. ಎರಡೂ ನಿಜವೇ. ಆದರೆ ಇವೆರಡರ ನಡುವೆ ‘ಮುಗ್ಧ’, ‘ಕನಿಕರಕ್ಕೆ ಪಾತ್ರ’, ‘ದುರ್ಬಲ’ ಎಂಬ ಹಂತಗಳಿವೆ. ಇವನ್ನು ಬಿಟ್ಟರೆ ಹೀನಾರ್ಥಪ್ರಾಪ್ತಿ ಒಂದು ವಿಸ್ಮಯವಾಗಿ ಮಾತ್ರ ಕಾಣುತ್ತದೆ. ಇವನ್ನು ಸೇರಿಸಿಕೊಂಡರೆ ಪ್ರತಿಯೊಂದು ಹೆಜ್ಜೆಯೂ ಸಹಜವೆನಿಸುತ್ತದೆ. ‘ಅರಿಯದ’ ಎಂಬರ್ಥದ ಲ್ಯಾಟಿನ್ ಪದದಿಂದ ಹಳೆಯ ಫ್ರೆಂಚಿನ ಮೂಲಕ ಬಂದ ‘ನೈಸ್’ ಇನ್ನೂ ಜಟಿಲವಾದುದು. ಹದಿನಾರು, ಹದಿನೇಳನೆಯ ಶತಮಾನಗಳ ಹಲವು ಪ್ರಯೋಗಗಳಲ್ಲಿ ಅದರ ನಿಶ್ಚಿತಾರ್ಥವನ್ನು ಹೇಳುವುದು ಕಷ್ಟವೆಂದು ಆಕ್ಸ್‌ಫರ್ಡ್ ನಿಘಂಟೇ ಒಪ್ಪಿಕೊಂಡಿದೆ. ಒಂದು ಸಾಲಿನ ಅರ್ಥವಿವರಣೆಯಲ್ಲಿ ಈ ಸಂದಿಗ್ಧತೆಗೆ ಎಡೆಯಿಲ್ಲ.

ಎರಡನೆಯದು, ನಿಘಂಟುಗಳಲ್ಲಷ್ಟೇ ಬದುಕಿದ ಪದಗಳು. 1604ರಲ್ಲಿ ಪ್ರಕಟವಾದ ರಾಬರ್ಟ್ ಕಾಡ್ರಿಯ ಸಂಗ್ರಹದಿಂದ ಮೊದಲ್ಗೊಂಡು ಇಂಗ್ಲಿಷಿನ ಆರಂಭಿಕ ಏಕಭಾಷಾ ನಿಘಂಟುಗಳ ಗುರಿ ‘ಕಠಿಣಪದ’ಗಳ ವಿವರಣೆಯಾಗಿತ್ತು. 1623ರ ಹೆನ್ರಿ ಕಾಕರಂನ ನಿಘಂಟಿನಲ್ಲಿ ಲ್ಯಾಟಿನ್ ಪದಗಳಿಗೆ ಇಂಗ್ಲಿಷ್ ಪ್ರತ್ಯಯ ಹಚ್ಚಿದ ರೂಪಗಳು ಧಾರಾಳವಾಗಿವೆ. ಅವುಗಳಲ್ಲಿ ಹಲವಕ್ಕೆ ನಿಘಂಟಿನ ಹೊರಗೆ ಪ್ರಯೋಗವೇ ದೊರೆಯುವುದಿಲ್ಲ. ಇವನ್ನು ‘ಕಳೆದುಹೋದ ಪದಗಳು’ ಎನ್ನುವುದು ಸರಿಯಲ್ಲ. ಚಲಾವಣೆಗೇ ಬಾರದ ನಾಣ್ಯ ಕಳೆದುಹೋಗುವುದಾದರೂ ಹೇಗೆ? ಈ ವಿಷಯದಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಇಂದಿನ ಸಂಗ್ರಾಹಕರಿಗಿಂತ ಪ್ರಾಮಾಣಿಕ. ತನ್ನ 1755ರ ನಿಘಂಟಿನಲ್ಲಿ, ಹಿಂದಿನ ನಿಘಂಟುಗಳಲ್ಲಿ ಮಾತ್ರ ಸಿಕ್ಕ ಪದಗಳಿಗೆ ‘ಡಿಕ್ಟ್.’ ಎಂಬ ಗುರುತು ಹಾಕಿ ಆತ ಓದುಗನನ್ನು ಎಚ್ಚರಿಸಿದ್ದಾನೆ.

ಮೂರನೆಯದು, ವಾಲ್ಟರ್ ಸ್ಕೀಟ್ 1886ರಲ್ಲಿ ‘ಭೂತಪದ’ಗಳೆಂದು ಕರೆದ ವರ್ಗ. 1934ರ ವೆಬ್‌ಸ್ಟರ್ ನಿಘಂಟಿನ ‘ಡಾರ್ಡ್’ ಇದಕ್ಕೆ ಪ್ರಸಿದ್ಧ ನಿದರ್ಶನ. ಸಾಂದ್ರತೆಯ ಸಂಕ್ಷೇಪವಾಗಿ ದೊಡ್ಡ ‘ಡಿ’ ಅಥವಾ ಚಿಕ್ಕ ‘ಡಿ’ ಎಂದು ಚೀಟಿಯೊಂದರಲ್ಲಿದ್ದುದನ್ನು ಒಂದೇ ಪದವೆಂದು ಓದಿದ್ದರಿಂದ ಅದು ಹುಟ್ಟಿತು. ಅದಕ್ಕೆ ಕಾಗುಣಿತವಿತ್ತು, ವ್ಯಾಕರಣವರ್ಗವಿತ್ತು, ಅರ್ಥವೂ ಇತ್ತು, ಇಲ್ಲದಿದ್ದುದು ಪ್ರಯೋಗವೊಂದೇ. ಪದ ಮತ್ತು ಅರ್ಥವನ್ನಷ್ಟೇ ಕೊಡುವ ಪಟ್ಟಿಯಲ್ಲಿ ‘ಡಾರ್ಡ್’ ಹಾಗೂ ‘ಸಿಲ್ಲಿ’ಗಳ ನಡುವೆ ವ್ಯತ್ಯಾಸವೇ ಕಾಣದು.

ಪ್ರಯೋಗವಿದ್ದಾಗಲೂ ಅರ್ಥವಿವರಣೆ ದಾರಿ ತಪ್ಪಿಸಬಹುದು. ಇಂದು ದುರ್ವಾಸನೆಯನ್ನು ಮಾತ್ರ ಸೂಚಿಸುವ ‘ಸ್ಟಿಂಕ್’ ಕ್ರಿಯಾಪದದ ಪ್ರಾಚೀನ ಇಂಗ್ಲಿಷ್ ರೂಪವನ್ನು ‘ಸುಗಂಧ ಬೀರು’ ಎಂದು ವಿವರಿಸಿ ಅರ್ಥ ತಲೆಕೆಳಗಾಯಿತೆನ್ನುವುದುಂಟು. ವಾಸ್ತವವಾಗಿ ಅದು ‘ವಾಸನೆ ಬೀರು’ ಎಂಬ ತಟಸ್ಥ ಕ್ರಿಯಾಪದ. ಒಳಿತು ಕೆಡುಕುಗಳನ್ನು ಸಂದರ್ಭವೇ ನಿರ್ಧರಿಸುತ್ತಿತ್ತು. ಆದ್ದರಿಂದ ಇಲ್ಲಿ ನಡೆದುದು ವಿಪರ್ಯಾಸವಲ್ಲ, ಅರ್ಥಸಂಕೋಚ. ಕನ್ನಡದ ಓದುಗರಿಗೆ ಇದು ಹೊಸತಲ್ಲ: ಹಳಗನ್ನಡದ ‘ನಾಱು’ ಹೂವಿನ ಕಂಪಿಗೂ ಸಲ್ಲುತ್ತಿತ್ತು; ಇಂದಿನ ‘ನಾರು’, ‘ನಾತ’ಗಳಿಗೆ ಆ ಅವಕಾಶವಿಲ್ಲ. ಸಂಬಂಧವಿಲ್ಲದ ಎರಡು ಭಾಷೆಗಳಲ್ಲಿ ಕಾಣುವ ಈ ಸಮಾನಗತಿ ಸೈದ್ಧಾಂತಿಕವಾಗಿ ಮಹತ್ವದ್ದು. ತಪ್ಪು ಅರ್ಥವಿವರಣೆಯನ್ನು ನೆಚ್ಚಿದರೆ ಅದು ನಮ್ಮ ಗಮನಕ್ಕೇ ಬಾರದು.

ಇಂತಹ ಸಂಗ್ರಹಗಳು ವಿದ್ಯಾರ್ಥಿಗಳನ್ನು ಈ ಕ್ಷೇತ್ರದತ್ತ ಸೆಳೆಯುತ್ತವೆ ಎಂಬ ಸಮರ್ಥನೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಗಿಲನ್ನೇ ಮನೆಯೆಂದು ಭಾವಿಸಬಾರದು. ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯಲ್ಲಿ 1857ರಲ್ಲಿ ಮೊಳೆತು, 1884ರಿಂದ 1928ರವರೆಗೆ ಕಂತುಗಳಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ನಿಘಂಟು ಪ್ರತಿ ಅರ್ಥಕ್ಕೂ ದಿನಾಂಕಸಹಿತ ಪ್ರಯೋಗಗಳನ್ನು ಕೊಡಲು ಶ್ರಮಿಸಿದ್ದು ಅಲಂಕಾರಕ್ಕಲ್ಲ. ಅಲ್ಲಿಯೂ ನಿಘಂಟುಮಾತ್ರ ಪದಗಳಿವೆ; ಆದರೆ ಏಕೈಕ ಸಾಕ್ಷ್ಯ ಇನ್ನೊಂದು ನಿಘಂಟೆಂಬುದು ಓದುಗನಿಗೆ ಅಲ್ಲೇ ತಿಳಿಯುತ್ತದೆ.

ಆದ್ದರಿಂದ ಹಳೆಯ ಪದವೊಂದನ್ನು ದತ್ತಾಂಶವಾಗಿ ಸ್ವೀಕರಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು: ನಿಘಂಟಿನ ಹೊರಗೆ ಇದನ್ನು ಬಳಸಿದವರು ಯಾರು? ಆ ಪ್ರಯೋಗ ಈ ಅರ್ಥವನ್ನೇ ಬೇಡುತ್ತದೆಯೇ, ಇಲ್ಲವೇ ಅದಕ್ಕೆ ಅವಕಾಶವನ್ನಷ್ಟೇ ಕೊಡುತ್ತದೆಯೇ? ಮೊದಲ ಮತ್ತು ಕೊನೆಯ ಅರ್ಥಗಳ ನಡುವಣ ಹಂತಗಳು ದಾಖಲಾಗಿವೆಯೇ? ಇವಕ್ಕೆ ಉತ್ತರವಿಲ್ಲದ ಕಡೆ ನಮ್ಮ ಕೈಯಲ್ಲಿರುವುದು ಅರ್ಥವಲ್ಲ, ಅರ್ಥವನ್ನು ಕುರಿತು ಯಾರೋ ಹೇಳಿದ ಮಾತು.