ಅನಾಮಧೇಯರ ಪರ ವಕಾಲತ್ತು

ನ್ಯಾಯಾಲಯದ ತೀರ್ಪುಗಳನ್ನು ಸಾಹಿತ್ಯದ ಸಾಲಿನಲ್ಲಿಟ್ಟು ಓದುವ ವಾಡಿಕೆ ಕನ್ನಡದಲ್ಲಿ ಅಷ್ಟಾಗಿ ಬೆಳೆದಿಲ್ಲ. ತೀರ್ಪೆಂದರೆ ಗೆದ್ದವನಿಗೆ ಹರ್ಷ, ಸೋತವನಿಗೆ ಖೇದ, ವಕೀಲನಿಗೆ ಆಧಾರ. ಉಳಿದವರಿಗೆ ಅದರಿಂದೇನು ಎಂಬ ಭಾವನೆಯೇ ಸಾಮಾನ್ಯವಾಗಿರುವುದು. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು ೧೯೫೮ರಿಂದ ಈಚೆಗೆ ಒಂದೇ ವಿಷಯವನ್ನು ಕುರಿತು ಬರೆದಿರುವ ಕೆಲವು ತೀರ್ಪುಗಳು ಗದ್ಯವೆಂದೇ ಓದಲು ಯೋಗ್ಯವಾಗಿವೆ. ವಿಷಯವಿದು: ರಾಜಕೀಯ ವಿಚಾರದಲ್ಲಿ ಮಾತನಾಡುವವನೂ, ಹಾಗೆ ಮಾತನಾಡುವ ಸಂಘಕ್ಕೆ ಹಣ ಕೊಡುವವನೂ ತನ್ನ ಹೆಸರನ್ನು ಸರಕಾರಕ್ಕಾಗಲಿ ಲೋಕಕ್ಕಾಗಲಿ ಹೇಳಲೇಬೇಕೆ? ಹೇಳದಿರುವ ಹಕ್ಕುಂಟೆಂದು ವಾದಿಸುವ ವಕೀಲರ ಪರಂಪರೆಯೊಂದು ಆ ದೇಶದಲ್ಲಿ ಬೆಳೆದುಬಂದಿದೆ. ಅವರ ವಾದವೂ ನ್ಯಾಯಾಧೀಶರ ಉತ್ತರವೂ ಸೇರಿ ಅರುವತ್ತು ವರ್ಷಗಳಿಗೂ ಮೀರಿ ಬರೆಯಲ್ಪಟ್ಟ ಒಂದು ಗ್ರಂಥದಂತಾಗಿದೆ. ಆದಿಯಲ್ಲಿಯೂ ಅಂತ್ಯದಲ್ಲಿಯೂ ಮಾತು ಅದೇ. ಮಾತಿನ ಹಿಂದೆ ನಿಂತಿರುವ ಮನುಷ್ಯನು ಮಾತ್ರ ಬೇರೆ.

ಕಥೆ ಮೊದಲಾಗುವುದು ಆಲಬಾಮಾ ಸಂಸ್ಥಾನದಲ್ಲಿ. ೧೯೫೫ರ ಡಿಸೆಂಬರಿನಿಂದ ಮಾಂಟ್‌ಗೊಮರಿ ನಗರದ ಕಪ್ಪು ಜನರು ಬಸ್ಸು ಹತ್ತುವುದನ್ನೇ ಬಿಟ್ಟು ಕಾಲ್ನಡಿಗೆಯನ್ನು ಹಿಡಿದಿದ್ದರು. ಮರುವರ್ಷ ಆ ಸಂಸ್ಥಾನದ ವಿಶ್ವವಿದ್ಯಾನಿಲಯಕ್ಕೆ ಕಪ್ಪು ವಿದ್ಯಾರ್ಥಿನಿಯೊಬ್ಬಳು ಕಾಲಿಟ್ಟೊಡನೆ ದೊಂಬಿಯೆದ್ದಿತು. ಇವೆರಡಕ್ಕೂ ವರ್ಣೀಯ ಜನರ ಏಳಿಗೆಗಾಗಿ ೧೯೦೯ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಘವೇ ಬೆಂಬಲವೆಂದು ಸರಕಾರದ ದೂರು. ೧೯೫೬ರಲ್ಲಿ ಸಂಸ್ಥಾನದ ಅಟಾರ್ನಿ ಜನರಲ್ ಜಾನ್ ಪ್ಯಾಟರ್ಸನ್ ಆ ಸಂಘವನ್ನು ನ್ಯಾಯಾಲಯಕ್ಕೆ ಎಳೆದರು. ಹೊರಸಂಸ್ಥಾನದಲ್ಲಿ ಸ್ಥಾಪಿತವಾದ ಸಂಸ್ಥೆ ನೋಂದಣಿಯಿಲ್ಲದೆ ಇಲ್ಲಿ ವ್ಯವಹರಿಸುತ್ತಿದೆಯೆಂಬುದು ಹೇಳಿದ ಕಾರಣ. ಬೇಕಾಗಿದ್ದುದು ಸದಸ್ಯರ ಪಟ್ಟಿ. ಸಂಘವು ಲೆಕ್ಕಪತ್ರಗಳನ್ನು ಒಪ್ಪಿಸಿತು, ಪದಾಧಿಕಾರಿಗಳ ಮತ್ತು ನೌಕರರ ಹೆಸರುಗಳನ್ನು ಹೇಳಲೂ ಸಿದ್ಧವಾಯಿತು. ಸಾಮಾನ್ಯ ಸದಸ್ಯರ ಹೆಸರನ್ನು ಮಾತ್ರ ಕೊಡಲೊಲ್ಲದೆ ಹೋಯಿತು. ಅಲ್ಲಿನ ನ್ಯಾಯಾಧೀಶರು ಮೊದಲು ೧೦,೦೦೦ ಡಾಲರು, ಕೆಲವೇ ದಿನಗಳಲ್ಲಿ ೧,೦೦,೦೦೦ ಡಾಲರು ಜುಲ್ಮಾನೆ ವಿಧಿಸಿದರು.

ಸರ್ವೋಚ್ಚ ನ್ಯಾಯಾಲಯದಲ್ಲಿ ಸಂಘದ ಪರವಾಗಿ ವಾದಿಸಿದ ರಾಬರ್ಟ್ ಕಾರ್ಟರ್ ಅವರ ಇಕ್ಕಟ್ಟು ವಿಚಿತ್ರವಾದುದು. ಹೆಸರು ಹೊರಬಿದ್ದರೆ ಕೆಲಸ ಹೋಗುವುದು, ಪ್ರಾಣಕ್ಕೂ ಅಪಾಯವುಂಟು ಎಂದು ಸಿದ್ಧಪಡಿಸಬೇಕಾದರೆ ಅಂಜಿದವನನ್ನು ಕರೆತಂದು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಬೇಕು. ನಿಲ್ಲಿಸಿದರೆ ಅವನ ಹೆಸರು ಹೊರಬಿದ್ದಂತೆಯೇ ಆಯಿತು. ಮುಷ್ಟಿಯಲ್ಲಿರುವುದನ್ನು ಕಾಯಲು ಮುಷ್ಟಿಯನ್ನೇ ಬಿಚ್ಚಿ ತೋರಿಸೆಂದಂತೆ! ಸದಸ್ಯರ ಹಕ್ಕನ್ನು ಸದಸ್ಯರೇ ಬಂದು ಕೇಳಬೇಕೆಂದರೆ, ಕೇಳಿದ ಗಳಿಗೆಯಲ್ಲಿಯೇ ಆ ಹಕ್ಕು ನಾಶವಾಗುವುದರಿಂದ, ಸಂಘವೇ ಅವರ ಪರವಾಗಿ ಕೇಳಬಹುದು ಎಂದು ನ್ಯಾಯಾಲಯವು ಒಪ್ಪಿತು. ಮುಂದಿನ ಎಲ್ಲ ವಾದಗಳಿಗೂ ಇದೇ ಅಡಿಗಲ್ಲು.

ತೀರ್ಪು ಹೊರಬಿದ್ದುದು ೧೯೫೮ರ ಜೂನ್ ೩೦ರಂದು, ಭಿನ್ನಮತವಿಲ್ಲ, ಬರೆದವರು ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್. ಇವರ ತಾತನೂ ಇದೇ ಹೆಸರಿನವರು, ಇದೇ ಪೀಠದಲ್ಲಿದ್ದವರು. ೧೮೯೬ರಲ್ಲಿ ರೈಲುಗಾಡಿಯಲ್ಲಿ ಬಣ್ಣವನ್ನು ನೋಡಿ ಜನರನ್ನು ಬೇರ್ಪಡಿಸುವ ಕಾನೂನನ್ನು ಪೀಠವು ಎತ್ತಿಹಿಡಿದಾಗ ಒಬ್ಬಂಟಿಯಾಗಿ ಭಿನ್ನಮತವನ್ನು ಬರೆದವರು. ತಾತನ ಗದ್ಯದಲ್ಲಿ ಬೆಂಕಿಯಿದೆ, ಮೊಮ್ಮಗನ ಗದ್ಯದಲ್ಲಿ ಮಂಜು. ಹಿಂದೆ ಹೆಸರು ಬಯಲಾದಾಗ ಸದಸ್ಯರು ಆರ್ಥಿಕ ಸೇಡಿಗೆ, ಉದ್ಯೋಗನಷ್ಟಕ್ಕೆ, ದೈಹಿಕ ಬೆದರಿಕೆಗೆ ಗುರಿಯಾದರೆಂದು ಒಂದೇ ಉಸುರಿನಲ್ಲಿ ಹೇಳಿ ಅವರು ಮುಂದೆ ಸಾಗುವರು. ಯಾರ ಉದ್ಯೋಗ, ಯಾವ ಊರಿನ ಬೆದರಿಕೆ ಎಂಬುದು ಇಲ್ಲ. ದಕ್ಷಿಣದ ನ್ಯಾಯಾಧೀಶರನ್ನೂ ಒಳಗೊಂಡ ಪೀಠವನ್ನು ಒಂದೇ ಅಭಿಪ್ರಾಯದಲ್ಲಿ ನಿಲ್ಲಿಸುವುದಕ್ಕೆ ಈ ಮಂಜು ಅವಶ್ಯವಾಗಿದ್ದಿರಬಹುದು. ಹೆಸರು ಮರೆಸಬೇಕೆಂಬ ತೀರ್ಪಿನಲ್ಲಿ ಹೆಸರುಗಳಿಲ್ಲದಿರುವುದು ಉಚಿತವೂ ಹೌದು. ಆದರೆ ಇದರ ಫಲವೇನಾಯಿತೆಂದರೆ, ಆಲಬಾಮಾದ ಆ ದಿನಗಳ ಭಯದಿಂದ ಹುಟ್ಟಿದ ವಾಕ್ಯಗಳು ಯಾವ ಊರಿಗೂ ಸೇರದ, ಯಾರು ಬೇಕಾದರೂ ತೊಟ್ಟುಕೊಳ್ಳಬಹುದಾದ ಅಂಗಿಗಳಾದವು.

ಆ ಅಂಗಿಯ ಹೊಲಿಗೆ ಸಡಿಲವಾದ ಒಂದು ಜಾಗವೂ ಅಲ್ಲಿಯೇ ಇದೆ. ೧೯೨೮ರಲ್ಲಿ ಇದೇ ನ್ಯಾಯಾಲಯವು ಕೂ ಕ್ಲಕ್ಸ್ ಕ್ಲಾನ್ ಎಂಬ ಗುಪ್ತಕೂಟದ ಸದಸ್ಯರ ಪಟ್ಟಿಯನ್ನು ಕೇಳಿದ ನ್ಯೂಯಾರ್ಕಿನ ಕಾನೂನನ್ನು ಎತ್ತಿಹಿಡಿದಿತ್ತು. ಹಾರ್ಲನ್ ಇದನ್ನು ಮರೆಮಾಚುವುದಿಲ್ಲ. ಕ್ಲಾನ್ ಹಿಂಸೆಯ ಕೂಟ, ಅಲ್ಲದೆ ಅದು ಯಾವ ಮಾಹಿತಿಯನ್ನೂ ಕೊಡದೆ ಹೋಯಿತು. ಈ ಸಂಘವಾದರೋ ಪಟ್ಟಿಯ ಹೊರತು ಕೇಳಿದುದನ್ನು ಕೊಟ್ಟಿದೆ ಎಂದು ಭೇದವನ್ನು ತೋರಿಸುವರು. ಉತ್ತರವು ಸಾಕಷ್ಟು ಗಟ್ಟಿಯಾದುದು. ಆದರೂ ಅದನ್ನು ಓದಿದ ವಾಚಕನಿಗೆ ಒಂದು ಶಂಕೆ ಉಳಿಯುವುದು. ಮುಸುಕು ಹಾಕಿಕೊಂಡು ಹೊಡೆಯುವವನೂ, ಹೊಡೆತಕ್ಕೆ ಅಂಜಿ ಮುಸುಕು ಹಾಕಿಕೊಂಡವನೂ ಇಬ್ಬರೂ ಹೆಸರು ಹೇಳಲಾರೆನೆಂದೇ ಅನ್ನುವರು. ಇವರನ್ನು ಬೇರೆಮಾಡುವುದು ಸೂತ್ರದಿಂದಾಗುವ ಕೆಲಸವಲ್ಲ, ಸಂಗತಿಗಳನ್ನು ನೋಡಿಯೇ ಆಗಬೇಕಾದುದು.

ಆಲಬಾಮಾದ ಮೊಕದ್ದಮೆ ಮತ್ತೆ ಮತ್ತೆ ಮೇಲಕ್ಕೇರಿ ೧೯೬೪ರಲ್ಲಿ ಮುಗಿಯಿತು. ಕೊನೆಯ ತೀರ್ಪನ್ನು ಬರೆದವರೂ ಹಾರ್ಲನ್ನರೇ. ಅಷ್ಟರಲ್ಲಿ ಲಿಟಲ್ ರಾಕ್ ನಗರದ ಡೇಸಿ ಬೇಟ್ಸ್ ಅವರಿಗೆ ಪಟ್ಟಿ ಕೊಡದಿದ್ದುದಕ್ಕೆ ಬಿದ್ದ ಜುಲ್ಮಾನೆಯೂ, ಲಾಸ್ ಏಂಜಲೀಸಿನಲ್ಲಿ ಬರೆದವರ ಹೆಸರಿಲ್ಲದ ಕರಪತ್ರವನ್ನು ಹಂಚಿದುದಕ್ಕೆ ಟ್ಯಾಲಿ ಎಂಬವರಿಗೆ ಬಿದ್ದ ೧೦ ಡಾಲರಿನ ಜುಲ್ಮಾನೆಯೂ ೧೯೬೦ರಲ್ಲಿ ರದ್ದಾಗಿದ್ದವು. ಎರಡನೆಯದನ್ನು ರದ್ದುಮಾಡಿದ ತೀರ್ಪಿನ ಕರ್ತೃ ಹ್ಯೂಗೋ ಬ್ಲ್ಯಾಕ್, ಹುಟ್ಟಿನಿಂದ ಆಲಬಾಮಾದವರೇ.

ಕನ್ನಡ ಭಾಷೆಯಲ್ಲಿ ಹೆಸರಿಲ್ಲದ ಕಾರ್ಯಕ್ಕೆ ಎರಡು ಪದಗಳಿವೆ. ಹೆಸರಿಲ್ಲದೆ ಕೊಟ್ಟರೆ ಅದು ಗುಪ್ತದಾನ. ಕೊಟ್ಟವನಿಗೆ ಪುಣ್ಯ ಹೆಚ್ಚು. ಹೆಸರಿಲ್ಲದೆ ಬರೆದರೆ ಅದು ಮೂಕರ್ಜಿ, ಬರೆದವನು ಹೇಡಿ. ಅಮೆರಿಕಾದ ನ್ಯಾಯಶಾಸ್ತ್ರವು ನಡೆದುದು ಇದಕ್ಕೆ ವಿಪರೀತವಾಗಿ: ಅಲ್ಲಿ ಮೂಕರ್ಜಿಗೆ ಮಾನ್ಯತೆ ದೊರೆಯಿತು, ಚುನಾವಣೆಯ ಮಟ್ಟಿಗೆ ಗುಪ್ತದಾನಕ್ಕೆ ಮಾನ್ಯತೆ ತಪ್ಪಿತು.

ಮೊದಲನೆಯದಕ್ಕೆ ನಿದರ್ಶನ ೧೯೯೫ರ ಮೆಕಿಂಟೈರ್ ತೀರ್ಪು. ಒಹಾಯೋ ಸಂಸ್ಥಾನದ ವೆಸ್ಟರ್‌ವಿಲ್ ಊರಿನಲ್ಲಿ ಶಾಲೆಯ ತೆರಿಗೆಯನ್ನು ಹೆಚ್ಚಿಸುವ ಸಲಹೆ ಬಂದಿತ್ತು. ಮಾರ್ಗರೆಟ್ ಮೆಕಿಂಟೈರ್ ಎಂಬ ಗೃಹಿಣಿ ಅದನ್ನು ವಿರೋಧಿಸಿ ಮನೆಯ ಗಣಕಯಂತ್ರದಲ್ಲಿ ಕರಪತ್ರವೊಂದನ್ನು ರಚಿಸಿ, ೧೯೮೮ರ ಏಪ್ರಿಲಿನಲ್ಲಿ ಶಾಲೆಯ ಸಭೆಗೆ ಬಂದವರಿಗೆ ಹಂಚಿದರು. ಕೆಲವು ಪ್ರತಿಗಳಲ್ಲಿ ಅವರ ಹೆಸರಿತ್ತು, ಕೆಲವದರಲ್ಲಿ ಕಾಳಜಿಯುಳ್ಳ ಪೋಷಕರು ಮತ್ತು ತೆರಿಗೆದಾರರು ಎಂದಷ್ಟೇ ಇತ್ತು. ಶಾಲೆಯ ಅಧಿಕಾರಿಯೊಬ್ಬರ ದೂರಿನ ಮೇಲೆ ಅವರಿಗೆ ೧೦೦ ಡಾಲರು ದಂಡ ಬಿತ್ತು. ವ್ಯಾಜ್ಯ ಮುಗಿಯುವ ಮುನ್ನವೇ ಆಕೆ ತೀರಿಹೋದರು. ಪತಿಯು ನೂರು ಡಾಲರಿನ ಆ ಮೊಕದ್ದಮೆಯನ್ನು ಕಡೆಯವರೆಗೂ ನಡೆಸಿದರು.

ನ್ಯಾಯಮೂರ್ತಿ ಸ್ಟೀವನ್ಸ್ ಬರೆದ ಬಹುಮತದ ತೀರ್ಪು ಈ ಕರಪತ್ರದ ಹತ್ತಿರವಿರುವಷ್ಟು ಹೊತ್ತೂ ಸೊಗಸಾಗಿದೆ. ಆದರೆ ಅವರಿಗೆ ಸಾಹಿತ್ಯದ ಮೋಹ ಹೆಚ್ಚು. ಮಾರ್ಕ್ ಟ್ವೇನ್, ಜಾರ್ಜ್ ಎಲಿಯಟ್, ವಾಲ್ಟೇರ್ ಎಂದು ಅಂಕಿತನಾಮಗಳ ಮೆರವಣಿಗೆಯನ್ನೇ ಹೊರಡಿಸುವರು. ಇದು ವಾದಕ್ಕೆ ಬಲವಲ್ಲ. ಮಾರ್ಕ್ ಟ್ವೇನ್ ಯಾರೆಂಬುದು ಲೋಕಕ್ಕೆಲ್ಲ ಗೊತ್ತಿತ್ತು; ಕಾವ್ಯನಾಮವು ಕವಿಯನ್ನು ಮೆರೆಸುವುದಕ್ಕೆ, ಮರೆಸುವುದಕ್ಕಲ್ಲ. ೧೭೮೭ರಿಂದ ಪಬ್ಲಿಯಸ್ ಎಂಬ ಒಂದೇ ಹೆಸರಿನ ಮರೆಯಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರೂ ಬರೆದ ೮೫ ಲೇಖನಗಳ ನಿದರ್ಶನವು ಇದಕ್ಕಿಂತ ಎಷ್ಟೋ ಹತ್ತಿರವಾದುದು: ಅಲ್ಲಿ ಹೆಸರನ್ನು ಬಿಟ್ಟುದು ವಾದವನ್ನು ವಾದವೆಂದೇ ಜನರು ತೂಗಲಿ ಎಂದು.

ಭಿನ್ನಮತವನ್ನು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಇವರಿಗಿಂತ ಹರಿತವಾದ ಗದ್ಯಕಾರರು. ಹೆಸರಿಲ್ಲದ ದೂರವಾಣಿ ಕರೆಗಿಂತ ಹೆಸರಿಲ್ಲದ ಕರಪತ್ರವು ಯಾವ ರೀತಿಯಲ್ಲಿ ಮೇಲು ಎಂದು ಅವರ ಪ್ರಶ್ನೆ. ಮುಂದೆ ೨೦೧೦ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ಬಹಿರಂಗವಾಗಿ ನಿಂತು ಮಾತಾಡುವ ಪೌರಧೈರ್ಯವಿಲ್ಲದೆ ಪ್ರಜಾಪ್ರಭುತ್ವವು ಬದುಕಲಾರದೆಂಬ ಅರ್ಥದಲ್ಲಿ ಬರೆದರು. ಮೂಕರ್ಜಿಯನ್ನು ಕಂಡರಾಗದ ಕನ್ನಡ ವಾಚಕನಿಗೆ ಇದು ಹೃದ್ಯವಾಗಿ ತೋರುವುದು ಸಹಜ. ಆದರೆ ಆಜೀವ ಪದವಿಯಲ್ಲಿ ಕುಳಿತವರು ಧೈರ್ಯವನ್ನು ಬೋಧಿಸುವುದಕ್ಕೂ, ಮಾಂಟ್‌ಗೊಮರಿಯಲ್ಲಿ ಬಿಳಿಯರ ಮನೆಯಲ್ಲಿ ಅಡಿಗೆಗೆ ಹೋಗುವ ಹೆಂಗಸು ಧೈರ್ಯವನ್ನು ತೋರುವುದಕ್ಕೂ ಬೆಲೆ ಒಂದೇ ಅಲ್ಲವಷ್ಟೆ.

ಇನ್ನು ಹಣದ ಮಾತು. ೧೯೭೬ರ ಬಕ್ಲಿ ತೀರ್ಪು ಚುನಾವಣೆಗೆ ೧೦೦ ಡಾಲರಿಗಿಂತ ಹೆಚ್ಚು ಕೊಟ್ಟವರ ಹೆಸರನ್ನು ಪ್ರಕಟಿಸಬೇಕೆಂಬ ಕಾನೂನನ್ನು ಒಪ್ಪಿತು. ದೇವರ ಹುಂಡಿಯಲ್ಲಿ ಹಾಕಿದವನಿಗೆ ದೇವರು ಗುತ್ತಿಗೆಯನ್ನೇನೂ ಕೊಡುವುದಿಲ್ಲ. ಅಭ್ಯರ್ಥಿಯ ಹುಂಡಿಯಲ್ಲಿ ಹಾಕಿದವನ ಮಾತು ಹಾಗಲ್ಲ. ಆದರೆ ಹೆಸರು ಹೇಳಿದರೆ ಹಿಂಸೆಯಾಗುವ ಸಂಭವವನ್ನು ತೋರಿಸಿದ ಸಣ್ಣ ಪಕ್ಷಕ್ಕೆ ವಿನಾಯಿತಿ ಕೊಡಬಹುದೆಂದು ಒಂದು ಕಿರುಬಾಗಿಲನ್ನು ತೆರೆದಿಟ್ಟಿತು. ಆ ಬಾಗಿಲಿನಿಂದ ೧೯೮೨ರಲ್ಲಿ ಒಳಬಂದುದು ಒಹಾಯೋದ ಸಮಾಜವಾದಿ ಕಾರ್ಮಿಕ ಪಕ್ಷ. ಆ ಸಂಸ್ಥಾನದಲ್ಲಿ ಅದರ ಸದಸ್ಯರು ಸುಮಾರು ೬೦ ಮಂದಿ. ತೀರ್ಪನ್ನು ಬರೆದವರು ಥರ್ಗುಡ್ ಮಾರ್ಷಲ್. ಹಿಂದೆ ಆಲಬಾಮಾದ ಮೊಕದ್ದಮೆಯಲ್ಲಿ ಸಂಘದ ಪಕ್ಷದಲ್ಲಿಯೇ ದುಡಿದ ವಕೀಲರು.

ಈ ಗ್ರಂಥದ ಶ್ರೇಷ್ಠ ಅಧ್ಯಾಯವೆಂದರೆ ಇದೇ. ಹಾರ್ಲನ್ ಬಿಟ್ಟುದನ್ನು ಮಾರ್ಷಲ್ ತುಂಬಿರುವರು. ಬೆದರಿಕೆಯ ಕರೆಗಳು, ಸುಟ್ಟ ಕರಪತ್ರಗಳು, ಕಚೇರಿಯ ಮೇಲೆ ಹಾರಿದ ಗುಂಡುಗಳು, ಒಂದು ವರ್ಷದೊಳಗೆ ಪಕ್ಷದ ಸದಸ್ಯತ್ವದ ಕಾರಣ ಕೆಲಸ ಕಳೆದುಕೊಂಡ ೨೨ ಮಂದಿ, ಅವರಲ್ಲಿ ಒಹಾಯೋದವರೇ ನಾಲ್ವರು. ಅಲಂಕಾರವಿಲ್ಲ, ಉದ್ಗಾರವಿಲ್ಲ, ಸಂಗತಿಗಳೇ ಸಾಲುಗಟ್ಟಿ ಬಂದು ನಿಲ್ಲುತ್ತವೆ. ಓದುವವನಿಗೆ ಮುಸುಕಿನ ಅವಶ್ಯಕತೆ ಕಣ್ಣಿಗೆ ಕಟ್ಟುವುದು.

ಕಡೆಯ ಅಧ್ಯಾಯ ೨೦೨೧ರ ಜುಲೈ ೧ರದು. ಕ್ಯಾಲಿಫೋರ್ನಿಯಾ ಸಂಸ್ಥಾನವು ಧರ್ಮಸಂಸ್ಥೆಗಳಿಂದ ದೊಡ್ಡ ದಾನಿಗಳ, ಸಾಮಾನ್ಯವಾಗಿ ವರ್ಷಕ್ಕೆ ೫,೦೦೦ ಡಾಲರಿಗೆ ಮೀರಿ ಕೊಟ್ಟವರ, ಹೆಸರು ವಿಳಾಸಗಳನ್ನು ವಂಚನೆಯ ತಪಾಸಣೆಗೆಂದು ಗೋಪ್ಯವಾಗಿ ಪಡೆಯುತ್ತಿತ್ತು. ಅದನ್ನು ಪ್ರಶ್ನಿಸಿದವರಲ್ಲಿ ಮುಖ್ಯವಾದುದು ಕೋಕ್ ಎಂಬ ಧನಿಕ ಮನೆತನದ ಬೆಂಬಲವುಳ್ಳ ಪ್ರತಿಷ್ಠಾನ. ಆಲಬಾಮಾದ ವಾಕ್ಯಗಳೇ ಅದರ ವಕೀಲರ ಬಾಯಲ್ಲಿ. ಆಶ್ಚರ್ಯವೆಂದರೆ, ಆ ಹಳೆಯ ಸಂಘದ ವಾದಕ್ಕಾಗಿಯೇ ಹುಟ್ಟಿದ ಕಾನೂನು ನಿಧಿಯೂ ಇವರಿಗೆ ಬೆಂಬಲವಾಗಿ ಮನವಿ ಸಲ್ಲಿಸಿತು. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಆರು ಮಂದಿಯ ಪರವಾಗಿ ಆ ನಿಯಮವನ್ನು ಎಲ್ಲ ಸಂಸ್ಥೆಗಳ ಮಟ್ಟಿಗೂ ತಳ್ಳಿಹಾಕಿದರು. ಗೋಪ್ಯವೆಂದ ಪಟ್ಟಿಗಳಲ್ಲಿ ಸುಮಾರು ೨,೦೦೦ವು ಸರಕಾರದ ಅಜಾಗ್ರತೆಯಿಂದ ಅಂತರ್ಜಾಲದಲ್ಲಿ ಬಯಲಾಗಿದ್ದವೆಂಬುದನ್ನು ಅವರು ಎತ್ತಿತೋರಿಸುವ ಭಾಗವು ತೀಕ್ಷ್ಣವಾಗಿದೆ. ಏಟು ಬೀಳುವುದಕ್ಕೆ ಮುನ್ನವೇ ಭಯವು ಬಾಯಿ ಕಟ್ಟುವುದೆಂಬ ಅವರ ಮಾತೂ ಸತ್ಯವೇ. ಏಟಿನ ಗುರುತನ್ನು ತೋರಿಸಿ ವಿನಾಯಿತಿ ಪಡೆಯಿರೆಂಬ ಮಾರ್ಷಲ್ಲರ ದಾರಿಯಲ್ಲಿ ಮೊದಲನೆಯ ಏಟನ್ನು ಯಾರಾದರೂ ತಿನ್ನಲೇಬೇಕಾಗುವುದು.

ಆದರೂ ನ್ಯಾಯಮೂರ್ತಿ ಸೋಟೊಮೇಯರ್ ಅವರ ಭಿನ್ನಮತವು ಕೇಳುವ ಪ್ರಶ್ನೆಗೆ ರಾಬರ್ಟ್ಸರಲ್ಲಿ ತೃಪ್ತಿಕರವಾದ ಉತ್ತರ ದೊರೆಯದು. ಈ ಪ್ರತಿಷ್ಠಾನದ ಬೆಂಬಲಿಗರಿಗೆ ಬೆದರಿಕೆ ಬಂದುದು ನಿಜವಾದರೆ ಅವರಿಗೆ ರಕ್ಷಣೆ ಕೊಡಬಹುದಾಗಿತ್ತು. ಹೆಸರು ಹೇಳಲು ಯಾವ ಅಂಜಿಕೆಯೂ ಇಲ್ಲದ, ಕೆಲವೊಮ್ಮೆ ಕಟ್ಟಡದ ಮೇಲೆ ಹೆಸರನ್ನು ಕೆತ್ತಿಸಿಕೊಳ್ಳುವ ದಾನಿಗೂ ಅದೇ ಮುಸುಕು ಏಕೆ? ರಾಬರ್ಟ್ಸರ ಗದ್ಯದಲ್ಲಿ ನಿಯಮವಿದೆ, ಕಚೇರಿಯಿದೆ, ೬೦,೦೦೦ ಸಂಸ್ಥೆಗಳ ಲೆಕ್ಕವಿದೆ. ಅಂಜಿದವನ ಮುಖ ಮಾತ್ರ ಮಸುಕಾಗಿದೆ. ಹಾರ್ಲನ್ ಅದನ್ನು ಉಳಿಸುವುದಕ್ಕಾಗಿ ಮರೆಸಿದರು. ಇಲ್ಲಿ ಅದು ವಾದಕ್ಕೆ ಬೇಕಾಗಿಯೇ ಇಲ್ಲ.

ಇದೇ ವಾದವು ಕಡಲು ದಾಟಿ ಭಾರತಕ್ಕೂ ಬಂದಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯ ವಿರುದ್ಧ ೨೦೧೨ರಲ್ಲಿ ಹೂಡಿದ ಅರ್ಜಿಯಿಂದಾಗಿ, ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ೨೦೧೭ರ ಆಗಸ್ಟ್ ೨೪ರಂದು ಸಾರಿದರು. ಸರಕಾರದಿಂದ ಪ್ರಜೆಯನ್ನು ಕಾಯಲು ದೊರೆತ ಆ ಹಕ್ಕನ್ನು ಸರಕಾರವೇ ಮುಂದೆ ಚುನಾವಣಾ ಬಾಂಡುಗಳ ಸಮರ್ಥನೆಗೆ ಬಳಸಿತು: ದಾನಿಯ ಹೆಸರನ್ನು ಕೇಳುವುದು ಅವನ ಖಾಸಗಿತನಕ್ಕೆ ಭಂಗವೆಂದು. ಬಾಂಡುಗಳಲ್ಲಿ ೧,೦೦೦ ರೂಪಾಯಿಯದೂ ಇತ್ತು. ಹರಿದ ಹಣದ ಬಹುಪಾಲು ಒಂದು ಕೋಟಿಯ ಬಾಂಡುಗಳದು. ೨೦೨೪ರ ಫೆಬ್ರವರಿ ೧೫ರಂದು ಐವರ ಪೀಠವು ಯೋಜನೆಯನ್ನು ರದ್ದುಪಡಿಸಿತು. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರು ದಾನಿಯ ಖಾಸಗಿತನವನ್ನು ಅಲ್ಲಗಳೆಯಲಿಲ್ಲ. ಒಲವನ್ನು ತೋರಿಸುವ ಕಾಣಿಕೆ ಬೇರೆ, ನೀತಿಯನ್ನು ತಿರುಗಿಸಲು ಕೊಡುವ ಹಣ ಬೇರೆ ಎಂದು ವಿಂಗಡಿಸಿ, ೨೦,೦೦೦ ರೂಪಾಯಿಗೆ ಮೀರಿದುದನ್ನು ಮಾತ್ರ ಪಕ್ಷಗಳು ಹೇಳಬೇಕೆಂಬ ಹಳೆಯ ನಿಯಮವೇ ಎರಡನ್ನೂ ತಕ್ಕಷ್ಟು ಕಾಯುವುದೆಂದು ಬರೆದರು.

ವಿಂಗಡಣೆ ಅಮೆರಿಕಾದ ಈಚಿನ ತೀರ್ಪಿಗಿಂತ ವಿವೇಕವುಳ್ಳದ್ದು. ಆದರೆ ಅದು ಗೆರೆ ಎಳೆದಿರುವುದು ರೂಪಾಯಿಯ ಮೇಲೆ. ಸಣ್ಣ ಪೇಟೆಯ ಅಂಗಡಿಕಾರನೊಬ್ಬನು ಅಲ್ಲಿನ ಬಲಿಷ್ಠರಿಗೆ ಒಗ್ಗದ ಪಕ್ಷಕ್ಕೆ ೨೧,೦೦೦ ರೂಪಾಯಿ ಕೊಟ್ಟು, ಹೆಸರು ಹೊರಬಿದ್ದರೆ ಅಂಗಡಿ ಮುಚ್ಚಬೇಕಾದೀತೆಂದು ಅಂಜಿದರೆ, ಮಾರ್ಷಲ್ಲರು ಒಹಾಯೋದ ಅರುವತ್ತು ಮಂದಿಗೆ ತೆರೆದ ಕಿರುಬಾಗಿಲು ಭಾರತದ ಆ ನಿಯಮದಲ್ಲಿ ಇಲ್ಲ.