ಕೆರೆಯನ್ನೇ ಹೊರಗಿಟ್ಟ ನಿಯಮ

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ 2024ರ ಜನವರಿ ಕೊನೆಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮನ್ನಣೆ ಸಿಕ್ಕಿತು. ಅಂಕಸಮುದ್ರಕ್ಕೂ ಅಘನಾಶಿನಿ ಅಳಿವೆಗೂ ಆಗಲೇ ಸಿಕ್ಕಿದ್ದು. ನಮ್ಮ ಹಾವೇರಿ, ಗದಗ ಭಾಗದಲ್ಲಿ ಗಣಿಯ ಮಾತು ಬಂದಾಗ ಈಗ ಒಂದು ಸಮಾಧಾನವೂ ಜೊತೆಗೆ ಬರುತ್ತದೆ: ಕೆರೆ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದೆ, ಇನ್ನು ಯಾರೂ ಮುಟ್ಟುವಂತಿಲ್ಲ. ಈ ಭರವಸೆ ನಿಂತಿರುವುದು ಜೌಗು ಪ್ರದೇಶ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು, 2017ರ ಮೇಲೆ. ಆ ನಿಯಮಕ್ಕೆ ಸಿಕ್ಕ ಹೊಗಳಿಕೆ ಅದರ ಯೋಗ್ಯತೆಗೆ ಮೀರಿದ್ದು. ಗಣಿಯ ಎದುರು ನಿಲ್ಲುವ ಶಕ್ತಿ ಅದರ ಅಕ್ಷರಗಳಲ್ಲಿ ಇಲ್ಲ.

ಮೊದಲು ವ್ಯಾಖ್ಯೆಯನ್ನೇ ನೋಡಿ. ಇದಕ್ಕೂ ಮುಂಚಿನ 2010ರ ನಿಯಮದಲ್ಲಿ ಸರೋವರ, ಜಲಾಶಯ, ಕೆರೆ, ಮನುಷ್ಯ ಕಟ್ಟಿದ ಜೌಗು ಎಲ್ಲವೂ ಒಳಗಿದ್ದವು. ಅಷ್ಟೇ ಅಲ್ಲ, ಅವುಗಳಿಗೆ ನೀರು ಹರಿದುಬರುವ ಜಲಾನಯನ ಪ್ರದೇಶವನ್ನೂ ಜೌಗು ಪ್ರಾಧಿಕಾರ ಗುರುತಿಸಿದ ಮಟ್ಟಿಗೆ ವ್ಯಾಖ್ಯೆಯೊಳಗೇ ಸೇರಿಸಲಾಗಿತ್ತು. 2017ರಲ್ಲಿ ಅದೇ ಜಾಗದಲ್ಲಿ ಹೊರಗಿಡುವ ಪಟ್ಟಿ ಬೆಳೆಯಿತು: ಕುಡಿಯುವ ನೀರಿಗೆಂದೇ ಕಟ್ಟಿದ ಕೆರೆ ಬೇಡ, ನೀರಾವರಿಗೆಂದೇ ಕಟ್ಟಿದ್ದೂ ಬೇಡ. ಬಯಲುಸೀಮೆಯ ನಮಗೆ ಆಮೇಲೆ ಏನು ಉಳಿಯಿತು? ಹಾವೇರಿಯ ಹೆಗ್ಗೇರಿ, ಬ್ಯಾಡಗಿ ತಾಲ್ಲೂಕಿನ ಆಣೂರು ಕೆರೆ, ಮಾಸೂರಿನ ಮದಗದ ಕೆರೆ ಹೊಲಕ್ಕೂ ಊರಿಗೂ ನೀರು ಕೊಡುವ ಕೆರೆಗಳು. ಮಾಗಡಿಯದೂ ಮಳೆನೀರು ಹಿಡಿದು ನೀರಾವರಿಗೆ ಕೊಡಲು ಕಟ್ಟಿದ ಕೆರೆಯೇ. ರಾಮ್ಸಾರ್ ಪಟ್ಟಿಗೆ ಸೇರದಿದ್ದರೆ ಈ ನಿಯಮದ ಕಣ್ಣಿಗೆ ಅದು ಜೌಗೇ ಅಲ್ಲ.

ಪಟ್ಟಿಗೆ ಸೇರಿದ ಮೇಲಾದರೂ? ಮೂರನೆಯ ನಿಯಮ ರಾಮ್ಸಾರ್ ತಾಣಗಳನ್ನು ಒಳಗೆ ಕರೆದುಕೊಳ್ಳುತ್ತದೆ. ಕೂಡಲೇ ಒಂದು ಪರಂತುಕ ಬರುತ್ತದೆ: ಅರಣ್ಯ ಕಾಯ್ದೆ, ವನ್ಯಜೀವಿ ಕಾಯ್ದೆಯ ವ್ಯಾಪ್ತಿಯ ಪ್ರದೇಶಗಳಿಗೆ ಈ ನಿಯಮ ಅನ್ವಯಿಸದು. ಮಾಗಡಿ ಕೆರೆ ವನ್ಯಜೀವಿ ಕಾಯ್ದೆಯ ಸಂರಕ್ಷಣಾ ಮೀಸಲು. ಹಾಗಾದರೆ ಆ ಕಾಯ್ದೆ ಕಾಯಬೇಕು. ಆದರೆ ಮೀಸಲು ಪ್ರದೇಶಕ್ಕೆ ಅನ್ವಯಿಸುವ ಕಲಮುಗಳ ಸಾಲಿನಲ್ಲಿ ಆವಾಸ ನಾಶವನ್ನು ತಡೆಯುವ 29ನೇ ಕಲಮು ಇಲ್ಲ. ಅದರ ಬಲ ವನ್ಯಜೀವಿ ಧಾಮಕ್ಕೆ ಮಾತ್ರ. ಒಂದು ಕಾನೂನು ಇನ್ನೊಂದರ ಕಡೆ ಬೆರಳು ತೋರಿಸುತ್ತದೆ, ಅಲ್ಲಿಗೆ ಹೋದರೆ ಬೇಕಾದ ಕಲಮೇ ಸಿಗುವುದಿಲ್ಲ.

ಇನ್ನು ನಿಷೇಧಗಳ ನಾಲ್ಕನೆಯ ನಿಯಮ. ಒತ್ತುವರಿ, ಕೈಗಾರಿಕೆ, ಕಸ ಸುರಿಯುವುದು, ಕೊಳಕು ನೀರು ಬಿಡುವುದು, 50 ಮೀಟರ್ ಒಳಗಿನ ಶಾಶ್ವತ ಕಟ್ಟಡ, ಬೇಟೆ. ಗಣಿಯ ಹೆಸರಿಲ್ಲ, ಕಲ್ಲು ಕ್ವಾರಿಯ ಹೆಸರಿಲ್ಲ. 2010ರಲ್ಲೂ ಹೆಸರಿರಲಿಲ್ಲ ನಿಜ, ಆದರೆ ಜೌಗಿನ ಪರಿಸರಕ್ಕೆ ಧಕ್ಕೆ ತರಬಹುದಾದ ಬೇರಾವುದೇ ಚಟುವಟಿಕೆ ಎಂಬ ಕೊನೆಯ ವಾಕ್ಯವಿತ್ತು. ಗಣಿಯ ವಿರುದ್ಧ ಹಿಡಿಯಬಹುದಾಗಿದ್ದ ಆ ವಾಕ್ಯವನ್ನೇ ತೆಗೆದರು. ಉಳಿದ ನಿಷೇಧಗಳೂ ಜೌಗಿನ ಒಳಗೆ ಮತ್ತು ಅದರ ಅಂಚಿನಲ್ಲಿ ಮಾತ್ರ. ಗಣಿ ಕೆರೆಯ ಒಳಗೆ ಬರುವುದಿಲ್ಲ. ಮೇಲಿನ ಇಳಿಜಾರಿನಲ್ಲಿ ಬರುತ್ತದೆ, ಹಳ್ಳದ ಹಾದಿ ತಪ್ಪಿಸುತ್ತದೆ, ಹೂಳು ಕಳಿಸುತ್ತದೆ, ಸಿಡಿಮದ್ದಿನ ಸದ್ದು ಕಳಿಸುತ್ತದೆ. ಹಕ್ಕಿಯೂ ಕೆರೆಯ ಒಳಗಷ್ಟೇ ಬದುಕುವುದಿಲ್ಲ. ಹಿಮಾಲಯ ದಾಟಿ ಚಳಿಗಾಲಕ್ಕೆ ಮಾಗಡಿಗೆ ಬರುವ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಹಗಲು ನೀರಿನಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಶೇಂಗಾ, ಕಡಲೆ ಹೊಲಗಳಿಗೆ ಮೇಯಲು ಹೋಗುತ್ತವೆ. 54.38 ಹೆಕ್ಟೇರಿನ ಆ ಕೆರೆ ಅವುಗಳ ತಂಗುದಾಣ, ಅನ್ನ ಸುತ್ತಲಿನ ಎರೆಹೊಲಗಳಲ್ಲಿದೆ. 50 ಮೀಟರ್ ಗೆರೆ ಯಾವ ಹಕ್ಕಿಯನ್ನು ಕಾದೀತು?

2017ರ ನಿಯಮದಲ್ಲಿ ಪ್ರಭಾವ ವಲಯ ಎಂಬ ಒಳ್ಳೆಯ ಪರಿಕಲ್ಪನೆಯೂ ಇದೆ, ಒಪ್ಪುತ್ತೇನೆ. ಆದರೆ ಅದು ವ್ಯಾಖ್ಯೆಯಿಂದ ಹೊರಬಿದ್ದು, ಅಧಿಕಾರಿಗಳು ತಯಾರಿಸಬೇಕಾದ ಒಂದು ದಾಖಲೆಯ ಅಂಶವಾಗಿದೆ. ನಕ್ಷೆ ಎಳೆದರೆ ಉಂಟು, ಎಳೆಯದಿದ್ದರೆ ಇಲ್ಲ.

ಈ ನಿಯಮ ಅಧಿಕಾರವನ್ನು ದೆಹಲಿಯಿಂದ ರಾಜ್ಯಕ್ಕೆ ತಂದಿತು, ಆದ್ದರಿಂದ ಪ್ರಗತಿಪರ ಎಂದು ವಾದಿಸುವವರಿದ್ದಾರೆ. ಅವರೊಂದಿಗೆ ನನ್ನ ಜಗಳ ಹಳೆಯದು. ವಿಕೇಂದ್ರೀಕರಣ ಜನರ ಕೈಗೆ ಬಂದಾಗ ಮಾತ್ರ ಅದಕ್ಕೆ ಆ ಹೆಸರು ಸಲ್ಲುತ್ತದೆ. ಕಾಯಬೇಕಾದ ಕೆರೆಗಳನ್ನೇ ಪಟ್ಟಿಯಿಂದ ತೆಗೆದು, ಉಳಿದದ್ದನ್ನು ಗಣಿ ರಾಜಧನ ಎಣಿಸುವ ಸರ್ಕಾರದ ಕೈಗೇ ಕೊಟ್ಟರೆ ಜನರಿಗೆ ಏನು ಬಂತು? ಮಾಗಡಿಯ ಬಗ್ಗೆ ಹಕ್ಕಿಗಳ ಚೆಲುವನ್ನಷ್ಟೇ ಬರೆಯುವ ಲೇಖಕರ ಮೇಲೂ ನನ್ನ ಆಕ್ಷೇಪವಿದೆ. ಹೆಬ್ಬಾತಿನ ರೆಕ್ಕೆಗೆ ಪುಟಗಟ್ಟಲೆ ಕೊಟ್ಟು, ಅದು ಮೇಯುವ ಹೊಲದ ರೈತನಿಗೂ ಕೆರೆಗೆ ನೀರು ತರುವ ಹಳ್ಳಕ್ಕೂ ಒಂದು ಸಾಲು ಕೊಡುವುದಿಲ್ಲ. ಇಂಥ ಬರಹ ಓದಿದವರು ಕೆರೆ ಸುರಕ್ಷಿತವಾಗಿದೆ ಎಂದೇ ತಿಳಿಯುತ್ತಾರೆ.

ಪಕ್ಕದ ಕಪ್ಪತಗುಡ್ಡ ಉಳಿದದ್ದು ಹೇಗೆಂದು ಇವರು ನೋಡಲಿ. 2015ರಲ್ಲಿ ಗುಡ್ಡವನ್ನು ಸಂರಕ್ಷಣಾ ಮೀಸಲು ಎಂದು ಸಾರಿದ ಆದೇಶವನ್ನು ಸರ್ಕಾರ 2016ರ ನವೆಂಬರಿನಲ್ಲಿ ಹಿಂತೆಗೆದುಕೊಂಡಿತು. ಚಿನ್ನದ ಗಣಿಗಾರಿಕೆಯ ಕಣ್ಣು ಅದರ ಮೇಲಿತ್ತು. ತೋಂಟದ ಸಿದ್ಧಲಿಂಗ ಸ್ವಾಮೀಜಿ ಗದಗದಲ್ಲಿ ಧರಣಿ ಕೂತರು, ಹೋರಾಟಗಾರ ಎಸ್.ಆರ್. ಹಿರೇಮಠರಂಥವರು ಜೊತೆ ನಿಂತರು, ಜನ ಬಂದರು. 2017ರ ಏಪ್ರಿಲ್‌ನಲ್ಲಿ ಆದೇಶ ಮರಳಿತು, 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಜನ ಮೀಸಲಿಗೆ ತೃಪ್ತರಾಗದೆ ಧಾಮವನ್ನೇ ಕೇಳಿದ್ದು ಸರಿಯಾಗಿತ್ತು: 29ನೇ ಕಲಮು ಸಿಕ್ಕಿದ್ದು ಅದರಿಂದ.

ಬ್ಯಾಡಗಿ, ರಾಣೆಬೆನ್ನೂರು, ಹಾವೇರಿಯ ಓದುಗರು ಒಂದು ಆದೇಶವನ್ನು ನೆನಪಿಡಬೇಕು. 2017ರ ಫೆಬ್ರುವರಿ 8ರಂದು ಸುಪ್ರೀಂ ಕೋರ್ಟ್, ಉಪಗ್ರಹ ನಕ್ಷೆಯಲ್ಲಿ ಗುರುತಿಸಿದ 2.25 ಹೆಕ್ಟೇರ್ ಮೀರಿದ 2,01,503 ಜೌಗುಗಳಿಗೆ 2010ರ ನಾಲ್ಕನೆಯ ನಿಯಮದ ತತ್ವಗಳನ್ನೇ ಅನ್ವಯಿಸಲು ಹೇಳಿತು. ಹೊಸ ನಿಯಮ ಬಂದ ಮೇಲೂ ಆ ರಕ್ಷಣೆ ಮುಂದುವರಿಯಬೇಕೆಂದಿತು. ನಿಮ್ಮೂರ ಕೆರೆ ಆ ನಕ್ಷೆಯಲ್ಲಿದೆಯೇ ಎಂದು ಜಿಲ್ಲಾಡಳಿತವನ್ನು ಬರವಣಿಗೆಯಲ್ಲಿ ಕೇಳಿ. ಮೇಲಿನ ಇಳಿಜಾರಿನಲ್ಲಿ ಕ್ವಾರಿಗೆ ಅರ್ಜಿ ಬಿದ್ದರೆ, ಪರವಾನಗಿ ಆಗುವ ಮೊದಲೇ ಗ್ರಾಮಸಭೆಯಲ್ಲಿ ಕೆರೆಯ ಹೆಸರು ಬರೆಸಿ ಆಕ್ಷೇಪಣೆ ದಾಖಲಿಸಿ.